ಅಪ್ಪನ ಪ್ರಿಂಟರ್‌ಗೆ ನನ್ನ ಲ್ಯಾಪ್‌ಟಾಪಿನ ಮಾತು ತಿಳಿಯಲಿಲ್ಲ

‘ಕಂಪ್ಯೂಟರ್ ಸೈನ್ಸ್ ಅಂತೀಯ, ಮೂರನೇ ವರ್ಷ ಅಂತೀಯ, ಒಂದು ಪ್ರಿಂಟ್ ತೆಗಿಯಾಕ ಬರಲ್ಲೇನವ್ವಾ?’

ಅಪ್ಪ ಇದನ್ನು ಬೈಯುವ ಧಾಟಿಯಲ್ಲಿ ಕೇಳಿದ್ದರೆ ನಾನೂ ಏನಾದರೂ ತಿರುಗಿಸಿ ಹೇಳುತ್ತಿದ್ದೆ. ಅವರು ನಿಜವಾಗಿಯೂ ಅಚ್ಚರಿಪಟ್ಟು ಕೇಳಿದರು. ಅಂಗಡಿಯ ಎದುರು ಲೋಡ್ ಆದ ಲಾರಿ ನಿಂತಿತ್ತು. ಡ್ರೈವರ್ ಎರಡನೇ ಸಲ ಹಾರ್ನ್ ಹೊಡೆದಿದ್ದ. ನನ್ನ ತೊಡೆಯ ಮೇಲೆ 58 ಸಾವಿರ ರೂಪಾಯಿಯ ಹೊಸ ಲ್ಯಾಪ್‌ಟಾಪ್. ಟೇಬಲ್ ಮೇಲೆ ನನಗಿಂತ ವಯಸ್ಸಾದ ಲೇಸರ್ ಪ್ರಿಂಟರ್. ಎರಡರ ನಡುವೆ ಇದ್ದದ್ದು ಒಂದೂವರೆ ಅಡಿ. ಅದನ್ನು ದಾಟಲು ನನಗೆ ಹನ್ನೊಂದು ದಿನ ಹಿಡಿಯಿತು.

ನಮ್ಮ ಅಂಗಡಿ ಇರುವುದು ದಾವಣಗೆರೆಯ ಮಂಡಿಪೇಟೆಯಲ್ಲಿ. ಊರು ನೋಡದವರಿಗೆ ಹೇಳುವುದಾದರೆ ಇದು ಸಗಟು ವ್ಯಾಪಾರದ ಜಾಗ. ಬೆಳಿಗ್ಗೆ ಹಮಾಲರ ಕೂಗು, ಕೈಗಾಡಿ, ಆಟೊ. ಸಂಜೆಯಾದರೆ ಸುತ್ತಲ ಊರುಗಳಿಗೆ ಹೊರಡುವ ಲಾರಿಗಳು. ಅಲ್ಲಿ ಒಂದು ಮಹಡಿ ಮೆಟ್ಟಿಲಿನ ಕೆಳಗೆ ಎಂಟು ಅಡಿ ಅಗಲದ ಗೂಡಿನಂಥ ಜಾಗದಲ್ಲಿ ಅಪ್ಪ ಇಪ್ಪತ್ತು ವರ್ಷಗಳಿಂದ ಟೈಪಿಂಗ್, ಡಿಟಿಪಿ, ಪ್ರಿಂಟಿಂಗ್ ಮಾಡುತ್ತಾ ಬಂದಿದ್ದಾರೆ. ಮೊದಲೆಲ್ಲ ಲೆಟರ್‌ಹೆಡ್, ಬಾಡಿಗೆ ಕರಾರು, ನಾಮಕರಣದ ಕಾರ್ಡು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಹೊಸದೊಂದು ಕೆಲಸ ಸೇರಿಕೊಂಡಿತು, ಇ-ವೇ ಬಿಲ್. 50 ಸಾವಿರ ರೂಪಾಯಿಗಿಂತ ಹೆಚ್ಚಿನ ಮಾಲು ಸಾಗಿಸುವಾಗ ಅದು ಜೊತೆಗಿರಬೇಕು. ಮೊಬೈಲಿನಲ್ಲಿ ನಂಬರ್ ಇದ್ದರೂ ನಡೆಯುತ್ತದೆ ಎಂದು ಎಷ್ಟು ಹೇಳಿದರೂ ಡ್ರೈವರ್‌ಗಳು ನಂಬುವುದು ಕಾಗದವನ್ನೇ. ನಡುರಾತ್ರಿ ಚೆಕ್‌ಪೋಸ್ಟಿನಲ್ಲಿ ಕಾಗದ ತೋರಿಸುವುದಕ್ಕೂ, ಸತ್ತ ಬ್ಯಾಟರಿಯ ಫೋನ್ ತೋರಿಸುವುದಕ್ಕೂ ವ್ಯತ್ಯಾಸ ಇದೆಯಂತೆ. ಸರಿಯೇ.

ಅವತ್ತು ಸಂಜೆ ಐದೂವರೆಗೆ ಅಪ್ಪನ ಹಳೆಯ ಕಂಪ್ಯೂಟರ್ ‘ಟಪ್’ ಎಂದಿತು. ಸುಟ್ಟ ವಾಸನೆ ಬಂತು. ವಿಂಡೋಸ್ 7 ಹಾಕಿದ್ದ ಆ ಡಬ್ಬಿ ಅದಕ್ಕೆ ಮೊದಲೇ ಎರಡು ಸಲ ಸತ್ತು ಬದುಕಿತ್ತು; ಈ ಸಲ ಮದರ್‌ಬೋರ್ಡೇ ಹೋಗಿತ್ತು. ದೀಪಾವಳಿಗೆ ಎರಡು ವಾರ ಇತ್ತು. ಬೆಲ್ಲ, ಎಣ್ಣೆ ಡಬ್ಬ ತುಂಬಿದ ಲಾರಿ ರಾಣೆಬೆನ್ನೂರಿಗೆ ಹೊರಡಬೇಕಿತ್ತು. ಕಾಲೇಜಿನಿಂದ ಸೀದಾ ಅಂಗಡಿಗೆ ಬಂದಿದ್ದ ನಾನು ಜಂಬದಿಂದಲೇ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದೆ. ಐದು ನಿಮಿಷದಲ್ಲಿ ಬಿಲ್ ತಯಾರು. ‘ಪ್ರಿಂಟ್ ಕೊಡು’ ಎಂದರು ಅಪ್ಪ. ನಾನು ಪ್ರಿಂಟರಿನ ಹಿಂದೆ ಕೈಹಾಕಿ ಕೇಬಲ್ ಎಳೆದೆ. ಹೆಬ್ಬೆರಳಿಗಿಂತ ದಪ್ಪದ ಬೂದು ಬಣ್ಣದ ಹಗ್ಗ ಬಂತು. ತುದಿಯಲ್ಲಿ ಎರಡು ಸಾಲಾಗಿ 25 ಸೂಜಿ, ಎರಡು ಸ್ಕ್ರೂ. ನನ್ನ ಲ್ಯಾಪ್‌ಟಾಪಿನ ಇಡೀ ಪಕ್ಕವೇ ಆ ಪ್ಲಗ್ಗಿನಷ್ಟು ದಪ್ಪ ಇರಲಿಲ್ಲ.

ಆಗ ಅಪ್ಪ ಕೇಳಿದ್ದು ಆ ಪ್ರಶ್ನೆ.

ಕೊನೆಗೆ ಫೈಲನ್ನು ವಾಟ್ಸ್‌ಆ್ಯಪ್ ಮಾಡಿ, ಚೌಕಿಪೇಟೆ ಕಡೆ ಶಟರ್ ಎಳೆಯುತ್ತಿದ್ದ ಒಂದು ಜೆರಾಕ್ಸ್ ಅಂಗಡಿಗೆ ಓಡಿ ಪ್ರಿಂಟ್ ತಂದೆ. ಹತ್ತು ರೂಪಾಯಿ. ‘ಆತು ಬಿಡು ತಂಗಿ, ಬಂತಲ್ಲ’ ಎಂದ ಡ್ರೈವರ್ ಸಮಾಧಾನವಾಗಿಯೇ ಹೊರಟ. ಅಪ್ಪ ಮಾತ್ರ ಆ ಹತ್ತು ರೂಪಾಯಿಯನ್ನು ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಕಡೆ ಬರೆದು ಒಂದು ಕ್ಷಣ ಅದನ್ನೇ ನೋಡಿದರು. ಪ್ರಿಂಟಿಗೆ ದುಡ್ಡು ಕೊಟ್ಟಿದ್ದು ಅವರ ಅಂಗಡಿಯಲ್ಲಿ ಅದೇ ಮೊದಲು.

ರಾತ್ರಿ ಊಟವಾದ ಮೇಲೆ ಅಮ್ಮನ ಹತ್ತಿರ ಮಾತಾಡುತ್ತಿದ್ದುದು ಒಳಕೋಣೆಗೆ ಕೇಳಿಸಿತು. ಹೊಸ ಕಂಪ್ಯೂಟರ್, ಅದಕ್ಕೆ ತಕ್ಕ ಹೊಸ ಪ್ರಿಂಟರ್ ಅಂದರೆ 40 ಸಾವಿರಕ್ಕೆ ಕಡಿಮೆ ಇಲ್ಲ. ನನ್ನ ಕಾಲೇಜಿನ ಫೀಸು ಕಟ್ಟಿ ಎರಡು ತಿಂಗಳೂ ಆಗಿರಲಿಲ್ಲ. ‘ಈ ದೀಪಾವಳಿಗೆ ಲೆಕ್ಕ ಚುಕ್ತಾ ಮಾಡಿ ಬಾಗಿಲು ಹಾಕಿಬಿಡಾನ. ಯಾರದಾದ್ರೂ ಮಂಡಿಯಾಗ ಗುಮಾಸ್ತನ ಕೆಲಸ ಸಿಗ್ತತಿ’ ಎಂದರು. ಅಮ್ಮ ಏನೂ ಹೇಳಲಿಲ್ಲ. ನನಗೂ ನಿದ್ದೆ ಬರಲಿಲ್ಲ. ಮಂಡಿಪೇಟೆಯಲ್ಲಿ ಅಪ್ಪ ಬೇರೆಯವರ ಗದ್ದುಗೆಯ ಪಕ್ಕ ಕೂತು ಲೆಕ್ಕ ಬರೆಯುವುದು, ಕಾರಣ ಒಂದು ಕೇಬಲ್!

ಪ್ರಿಂಟರ್ ಯಾವ ಕಂಪನಿಯದು ಎಂದು ಕೇಳಬೇಡಿ, ಪಾಪ, ಅದರ ತಪ್ಪೇನೂ ಇಲ್ಲ. ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ದುಡಿದು ದಣಿದಿದ್ದನ್ನು ಅಪ್ಪ 2004ರಲ್ಲಿ ಸೆಕೆಂಡ್ ಹ್ಯಾಂಡ್ ತಂದಿದ್ದರು. ಡ್ರಮ್ಮು, ಟೋನರ್, ಕಾಗದ ಎಳೆಯುವ ರಬ್ಬರ್ ರೋಲರ್ ಎಲ್ಲ ಬದಲಾಗಿದ್ದವು, ಯಂತ್ರ ಗಟ್ಟಿಯಾಗಿತ್ತು. ಅಂದರೆ ಅಚ್ಚು ಹಾಕಲು ಅದು ತಯಾರಿತ್ತು, ಬಿಲ್ ಕೊಡಲು ಲ್ಯಾಪ್‌ಟಾಪ್ ತಯಾರಿತ್ತು. ಇಬ್ಬರಿಗೂ ಮಾತು ಬರುತ್ತಿತ್ತು, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟುತ್ತಿರಲಿಲ್ಲ.

ಮೊದಲ ಕೆಲಸ ಕೇಬಲ್. ಆ ದಪ್ಪ ಹಗ್ಗಕ್ಕೆ ಪ್ಯಾರಲಲ್ ಕೇಬಲ್ ಎಂದು ಹೆಸರು. ಪ್ರಿಂಟರ್ ಕಡೆಯ ತುದಿಯನ್ನು 1970ರ ಸುಮಾರಿನಲ್ಲಿ ಸೆಂಟ್ರಾನಿಕ್ಸ್ ಎಂಬ ಅಮೆರಿಕದ ಕಂಪನಿ ರೂಪಿಸಿತ್ತು. ಕಂಪ್ಯೂಟರ್ ಕಡೆಯ 25 ಸೂಜಿಯ ತುದಿ 1981ರ ಐಬಿಎಂ ಪಿಸಿಯಿಂದ ಬಂದದ್ದು. ಒಂದು ಅಕ್ಷರದ ಎಂಟು ಬಿಟ್‌ಗಳನ್ನು ಎಂಟು ತಂತಿಗಳಲ್ಲಿ ಒಟ್ಟಿಗೇ ಕಳಿಸುತ್ತದೆ, ಅದಕ್ಕೇ ಪ್ಯಾರಲಲ್. ಯುಎಸ್‌ಬಿ ಅವನ್ನು ಸಾಲಾಗಿ, ಒಂದರ ಹಿಂದೆ ಒಂದರಂತೆ ಕಳಿಸುತ್ತದೆ. ಎರಡನ್ನೂ ಜೋಡಿಸುವ ಪರಿವರ್ತಕ ಕೇಬಲ್ ಸಿಗುತ್ತದೆ ಎಂದು ಗೊತ್ತಾಗಿ ಊರಿನ ಕಂಪ್ಯೂಟರ್ ಅಂಗಡಿಗಳನ್ನು ಸುತ್ತಿದೆ. ಮೂರು ಕಡೆ ಒಂದೇ ಮಾತು, ‘ಅದನ್ನ ಗುಜರಿಗೆ ಹಾಕಿ ಮೇಡಂ, ಹೊಸದು ತಗೊಳ್ಳಿ’. ನಾಲ್ಕನೆಯದು ಅಶೋಕ ರಸ್ತೆ ಕಡೆಯ ಒಂದು ರಿಪೇರಿ ಅಂಗಡಿ. ಅಲ್ಲಿನ ಅಣ್ಣ ಏನೂ ಮಾತಾಡದೆ ರಟ್ಟಿನ ಡಬ್ಬ ಸುರುವಿ, ಹಾವಿನ ಮರಿಗಳಂತೆ ಹೆಣೆದುಕೊಂಡಿದ್ದ ಕೇಬಲ್‌ಗಳಲ್ಲಿ ಒಂದನ್ನು ಬಿಡಿಸಿ ಕೊಟ್ಟರು. ಮಂಡಿಪೇಟೆಯ ಬಿಲ್ಲಿಂಗ್ ಅಂಗಡಿಗಳ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳಿಗಾಗಿ ತರಿಸಿಟ್ಟದ್ದಂತೆ. 350 ರೂಪಾಯಿ. ನನ್ನ ಪಾಕೆಟ್ ಮನಿಯಿಂದಲೇ ಕೊಟ್ಟೆ.

ಸಿಕ್ಕಿಸಿದೆ. ಲ್ಯಾಪ್‌ಟಾಪ್ ‘ಟುಡುಂಗ್’ ಎಂದಿತು. ಅಪ್ಪನ ಮುಖ ಅರಳಿತು. ಅಷ್ಟೇ, ಅಲ್ಲಿಂದ ಮುಂದೆ ಹೋಗಲಿಲ್ಲ.

ವಿಂಡೋಸ್ 11ಕ್ಕೆ ಏನೋ ಒಂದು ಬಂದು ಅಂಟಿಕೊಂಡಿದೆ ಎಂದು ಗೊತ್ತಾಯಿತು, ಅದು ಯಾರು ಎಂದು ಗೊತ್ತಾಗಲಿಲ್ಲ. ಪಟ್ಟಿಯಲ್ಲಿ ಆ ಮಾದರಿಯ ಹೆಸರೇ ಇರಲಿಲ್ಲ. ತಯಾರಕರು ಹಳೆಯ ವಿಂಡೋಸ್‌ಗಳಿಗೆ ಡ್ರೈವರ್ ಕೊಟ್ಟು ಎಂದೋ ಕೈತೊಳೆದುಕೊಂಡಿದ್ದರು. ಓದುತ್ತಾ ಹೋದಂತೆ ತಿಳಿದದ್ದು, ಇನ್ನು ಮುಂದೆ ಈ ಪಟ್ಟಿ ಬೆಳೆಯುವುದೂ ಇಲ್ಲ. ಒಂದೊಂದು ಪ್ರಿಂಟರಿಗೂ ಕಂಪನಿಗಳು ಬರೆದುಕೊಡುವ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತ ಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಪ್ರಕಟಿಸಿತ್ತು. ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್, ಅಂದರೆ ಐಪಿಪಿ ಎಂಬ ಒಂದೇ ಸಾಮಾನ್ಯ ಭಾಷೆಯಲ್ಲಿ ಎಲ್ಲ ಪ್ರಿಂಟರ್‌ಗಳೂ ಮಾತಾಡಲಿ ಎನ್ನುವುದು ಲೆಕ್ಕ. ಹೊಸ ಪ್ರಿಂಟರ್ ಇಟ್ಟುಕೊಂಡವರಿಗೆ ಇದು ಒಳ್ಳೆಯದೇ. ಅಪ್ಪನಂಥವರ ಹತ್ತಿರ ಇರುವ ಮುದಿ ಯಂತ್ರಗಳಿಗೆ ಆ ಭಾಷೆ ಹೇಳಿಕೊಟ್ಟವರಿಲ್ಲ.

ಡ್ರೈವರ್ ಎಂದರೆ ದುಭಾಷಿ. ನಾವು ಪರದೆಯಲ್ಲಿ ನೋಡುವ ಪುಟವನ್ನು ಪ್ರಿಂಟರಿಗೆ ಅರ್ಥವಾಗುವ ಆಜ್ಞೆಗಳಾಗಿ ಹೇಳುವವನು. ಇಷ್ಟು ನನಗೆ ಕ್ಲಾಸಿನಲ್ಲೇ ಗೊತ್ತಿತ್ತು, ಎರಡು ಅಂಕದ ಪ್ರಶ್ನೆಗೆ ಬರೆದೂ ಇದ್ದೆ. ಆದರೆ ದುಭಾಷಿ ಇಲ್ಲದಾಗ ಏನು ಮಾಡಬೇಕು ಎಂಬುದು ಸಿಲಬಸ್‌ನಲ್ಲಿರಲಿಲ್ಲ.

ಡ್ರೈವರ್ ಸಿಗದೆ ಸಿಟ್ಟಾದವಳು ನಾನೊಬ್ಬಳೇ ಅಲ್ಲ ಎಂಬುದು ಒಂದು ಸಮಾಧಾನ. 1980ರ ಸುಮಾರಿನಲ್ಲಿ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರ್ ಕೊಟ್ಟಿತ್ತು. ಅದರಲ್ಲಿ ಕಾಗದ ಸಿಕ್ಕಿಕೊಂಡರೆ ಪ್ರಿಂಟಿಗೆ ಕಾಯುತ್ತಿರುವವರಿಗೆ ತಾನಾಗಿಯೇ ಸುದ್ದಿ ಹೋಗುವಂತೆ ಮಾಡಬೇಕು ಎಂದು ರಿಚರ್ಡ್ ಸ್ಟಾಲ್‌ಮನ್ ಹೊರಟರೆ, ತಂತ್ರಾಂಶದ ಮೂಲ ಬರಹವನ್ನು ಅವರಿಗೆ ಕೊಡಲಿಲ್ಲ. ಮುಂದೆ 1983ರಲ್ಲಿ ಅವರು ಮುಕ್ತ ತಂತ್ರಾಂಶದ ಗ್ನೂ ಯೋಜನೆ ಘೋಷಿಸಿದರು. ಆ ಸಿಟ್ಟಿನ ಫಲ ಕೊನೆಗೆ ನಮ್ಮ ಮೆಟ್ಟಿಲ ಕೆಳಗಿನ ಅಂಗಡಿಗೂ ಬಂತು. ಕಾಲೇಜಿನ ಲ್ಯಾಬಿಗಾಗಿ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆಗೆ ಉಬುಂಟು ಲಿನಕ್ಸನ್ನೂ ಹಾಕಿಕೊಂಡಿದ್ದೆ.

ಭಾನುವಾರ ಸಂಜೆ. ಪೇಟೆ ಖಾಲಿ. ಅಪ್ಪ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದು ಪಕ್ಕದಲ್ಲಿ ಕೂತರು. ಲಿನಕ್ಸಿನಲ್ಲಿ ಡ್ರೈವರ್ ಇಲ್ಲದೆಯೂ ಪ್ರಿಂಟರಿಗೆ ನೇರವಾಗಿ ಅಕ್ಷರ ಕಳಿಸಬಹುದು. ಕೇಬಲ್ಲೇ ಒಂದು ಫೈಲ್ ಇದ್ದಹಾಗೆ, ಅದರಲ್ಲಿ ಬರೆದರೆ ಆಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ಸಾಲು ಕಳಿಸಿದೆ: ಅಂಗಡಿಯ ಹೆಸರು, ಮಂಡಿಪೇಟೆ, ದಾವಣಗೆರೆ.

ಪ್ರಿಂಟರಿನ ಹಸಿರು ದೀಪ ಮಿಣುಕತೊಡಗಿತು. ಕಾಗದ ಬರಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ನಾನು ಮತ್ತೆ ಕಳಿಸಲು ಹೊರಟೆ.

‘ತಡಿಯವ್ವಾ’ ಎಂದ ಅಪ್ಪ ಎಣ್ಣೆಗೈ ಒರೆಸಿಕೊಂಡು ಪ್ರಿಂಟರಿನ ಮೇಲಿನ ಒಂದೇ ಒಂದು ಗುಂಡಿ ಒತ್ತಿದರು. ‘ಲೈಟ್ ಮಿಣುಕಿದ್ರೆ ಹೊಟ್ಟಿಯಾಗ ಏನೋ ಉಳಿದೈತಿ ಅಂತ ಅರ್ಥ.’

ಗರ್ರ್ ಎಂದಿತು. ಬಿಸಿ ವಾಸನೆ ಬಂತು. ಹಾಳೆ ಹೊರಬಂತು.

ಲೇಸರ್ ಪ್ರಿಂಟರ್ ಸಾಲು ಸಾಲಾಗಿ ಅಚ್ಚು ಹಾಕುವುದಿಲ್ಲ. ಇಡೀ ಪುಟ ತುಂಬಬೇಕು, ಇಲ್ಲವೇ ‘ಪುಟ ಮುಗಿಯಿತು, ಹೊರಹಾಕು’ ಎಂಬ ಗುರುತು ಬರಬೇಕು. ಅಲ್ಲಿಯ ತನಕ ನೆನಪಿನಲ್ಲಿಟ್ಟುಕೊಂಡು ಕಾಯುತ್ತದೆ. ಆ ಗುರುತನ್ನು ನಾನು ಕಳಿಸಿರಲಿಲ್ಲ, ಅಪ್ಪ ಬೆರಳಿನಿಂದ ಕೊಟ್ಟರು. ಆದರೆ ಹಾಳೆಯಲ್ಲಿ ಅಕ್ಷರಗಳು ವಿಚಿತ್ರವಾಗಿದ್ದವು. ಮೊದಲ ಸಾಲು ಎಡ ಅಂಚಿನಲ್ಲಿ ಸರಿಯಾಗಿತ್ತು. ಎರಡನೆಯದು ಒಂದು ಸಾಲು ಕೆಳಗೆ, ಮೊದಲನೆಯದು ಮುಗಿದ ಜಾಗದಿಂದ ಶುರು. ಮೂರನೆಯದು ಇನ್ನೂ ಬಲಕ್ಕೆ. ನಮ್ಮ ಅಂಗಡಿಯ ಮೇಲಿನ ಮೆಟ್ಟಿಲಿನ ಹಾಗೆಯೇ.

ಪ್ರಿಂಟರ್ ಕೆಟ್ಟಿದೆ ಎಂದುಕೊಂಡೆ. ಅಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ನಕ್ಕರು. ‘ಕೆಟ್ಟಿಲ್ಲ ಏನಿಲ್ಲ. ನೀನು ಸಾಲು ಇಳಿಸೀಯ, ಕ್ಯಾರೇಜ್ ಹಿಂದಕ್ಕೆ ತಳ್ಳಿಲ್ಲ.’

ಅಪ್ಪ ಟೈಪ್‌ರೈಟಿಂಗಿನಲ್ಲಿ ಜೂನಿಯರ್, ಸೀನಿಯರ್ ಎರಡೂ ಪಾಸಾದವರು. ಟೈಪ್‌ರೈಟರಿನಲ್ಲಿ ಒಂದು ಸಾಲು ಮುಗಿದರೆ ಎರಡು ಕೆಲಸ ಆಗಬೇಕು. ಕಾಗದ ಒಂದು ಸಾಲು ಮೇಲೆ ಹೋಗಬೇಕು, ಕಾಗದ ಹಿಡಿದ ಕ್ಯಾರೇಜನ್ನು ಮತ್ತೆ ಸಾಲಿನ ಆರಂಭಕ್ಕೆ ತಳ್ಳಬೇಕು. ಕಂಪ್ಯೂಟರಿನ ಅಕ್ಷರ ಸಂಕೇತಗಳಲ್ಲಿ ಇವತ್ತಿಗೂ ಆ ಎರಡಕ್ಕೂ ಬೇರೆ ಬೇರೆ ಅಂಕಿ ಇದೆ. ಸಾಲು ಇಳಿಸಲು 10, ಹಿಂದಕ್ಕೆ ತಳ್ಳಲು 13. ಪುಟ ಹೊರಹಾಕಲು 12. ಲಿನಕ್ಸ್ 10 ಒಂದನ್ನೇ ಬಳಸಿ ಉಳಿದದ್ದನ್ನು ತಾನೇ ಊಹಿಸಿಕೊಳ್ಳುತ್ತದೆ. ಪ್ರಿಂಟರ್ ಊಹಿಸುವುದಿಲ್ಲ, ಹೇಳಿದ್ದನ್ನಷ್ಟೇ ಮಾಡುತ್ತದೆ. ಈ ಕೋಷ್ಟಕವನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅದು ಟೈಪ್‌ರೈಟರಿನ ಕೈಕೆಲಸದಿಂದ ಬಂದದ್ದು ಎಂದು ಹೊಳೆದದ್ದು ಅವತ್ತು. 13 ಮತ್ತು 12 ಸೇರಿಸಿ ಮತ್ತೆ ಕಳಿಸಿದೆ. ಮೂರು ಸಾಲೂ ಎಡಕ್ಕೆ ನೇರವಾಗಿ ಬಂದವು. ಗುಂಡಿ ಒತ್ತುವ ಕೆಲಸ ಇರಲಿಲ್ಲ, ಆದರೂ ಅಪ್ಪ ಒತ್ತಿದರು.

ಉತ್ಸಾಹಕ್ಕೆ ‘ಮಂಡಿಪೇಟೆ’ ಎಂದು ಕನ್ನಡದಲ್ಲೇ ಕಳಿಸಿದೆ. ಬಂದದ್ದು ಒಂದಿಷ್ಟು ಯುರೋಪಿನ ಒತ್ತು ಹಾಕಿದ ಅಕ್ಷರಗಳು, ಚಿಹ್ನೆಗಳು. ನಾಲ್ಕಕ್ಷರದ ಆ ಪದ ಯೂನಿಕೋಡ್‌ನಲ್ಲಿ ಎಂಟು ಸಂಕೇತ, ಒಂದೊಂದಕ್ಕೂ ಮೂರು ಬೈಟ್, ಒಟ್ಟು 24. ಪ್ರಿಂಟರ್ 24 ಬೈಟನ್ನೂ ಬಿಡಿಬಿಡಿಯಾಗಿ ತನಗೆ ಗೊತ್ತಿದ್ದಂತೆ ಓದಿತ್ತು.

‘ನುಡಿಯಾಗ ಇಷ್ಟು ವರ್ಷ ಚಲೋ ಬರ್ತಿತ್ತಲ್ಲ?’ ಎಂದರು ಅಪ್ಪ. ಬರುತ್ತಿತ್ತು, ನಿಜ. ಆದರೆ ಆಗಲೂ ಅಕ್ಷರದ ಆಕಾರವನ್ನೆಲ್ಲ ಕಂಪ್ಯೂಟರ್ ಕಳಿಸುತ್ತಿತ್ತು. ಪ್ರಿಂಟರಿನೊಳಗೆ ಹುಟ್ಟಾ ಇದ್ದದ್ದು ಇಂಗ್ಲಿಷ್ ಮೊದಲಾದವುಗಳ ಫಾಂಟ್‌ಗಳು ಮಾತ್ರ. ಮಂಡಿಪೇಟೆಯ ಅರ್ಧ ಅಂಗಡಿಗಳ ಕನ್ನಡ ಲೆಟರ್‌ಹೆಡ್ ಅಚ್ಚು ಹಾಕಿದ ಯಂತ್ರಕ್ಕೆ ಕನ್ನಡದ ಒಂದು ಅಕ್ಷರವೂ ಗೊತ್ತಿರಲಿಲ್ಲ. ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿದರು.

ಆದರೆ ಅದಕ್ಕೆ ಇನ್ನೊಂದು ಭಾಷೆ ಗೊತ್ತಿತ್ತು. ಎಚ್‌ಪಿ ಕಂಪನಿ 1984ರಲ್ಲಿ ತನ್ನ ಮೊದಲ ಲೇಸರ್‌ಜೆಟ್ ತಂದಾಗ ಅದರ ಜೊತೆ ಪಿಸಿಎಲ್ ಎಂಬ ಪ್ರಿಂಟರ್ ಭಾಷೆಯೂ ಬಂತು. ಇಷ್ಟು ಅಂಚು ಬಿಡು, ಈ ಗಾತ್ರದ ಅಕ್ಷರ ತಗೋ, ಇಲ್ಲಿ ಈ ಚಿತ್ರ ಇಡು ಎಂದು ಹೇಳುವ ಆಜ್ಞೆಗಳವು. ಎಷ್ಟೋ ಬೇರೆ ಕಂಪನಿಗಳ ಪ್ರಿಂಟರ್‌ಗಳೂ ಅದನ್ನು ಕಲಿತವು. ಅಪ್ಪನ ಯಂತ್ರ ಅವುಗಳಲ್ಲೊಂದು. ಲಿನಕ್ಸಿನಲ್ಲಿ ಮುದ್ರಣದ ಕೆಲಸ ನೋಡಿಕೊಳ್ಳುವ ಕಪ್ಸ್ ಎಂಬ ತಂತ್ರಾಂಶ 1999ರಿಂದ ಇದೆ. ಅದರ ಪಟ್ಟಿಯಲ್ಲಿ ನಮ್ಮ ಮಾದರಿಯ ಹೆಸರು ಇಲ್ಲದಿದ್ದರೂ ‘ಜೆನೆರಿಕ್’ ಎಂಬ ವಿಭಾಗದಲ್ಲಿ ಪಿಸಿಎಲ್ 5ಇ ಇತ್ತು. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಭಾಷೆ ಗೊತ್ತಿದ್ದರೆ ಸಾಕು ಎಂದ ಹಾಗೆ. ಅದನ್ನು ಆರಿಸಿ ಅವತ್ತಿನ ಇ-ವೇ ಬಿಲ್ಲನ್ನೇ ಪ್ರಿಂಟ್ ಕೊಟ್ಟೆ.

ಅರ್ಧ ಪುಟ ಬಂತು! ಮೇಲಿನರ್ಧ ಒಂದು ಹಾಳೆಯಲ್ಲಿ, ಕೆಳಗಿನರ್ಧ ಇನ್ನೊಂದರಲ್ಲಿ.

ಇದಕ್ಕೆ ಉತ್ತರ ಲೆಕ್ಕದಲ್ಲೇ ಇತ್ತು. ಒಂದು ಇಂಚಿಗೆ 600 ಚುಕ್ಕೆ ಎಂದರೆ ಎ4 ಹಾಳೆಗೆ ಸುಮಾರು 3.5 ಕೋಟಿ ಚುಕ್ಕೆಗಳು. ಒಂದಕ್ಕೆ ಒಂದು ಬಿಟ್ ಎಂದರೂ ನಾಲ್ಕು ಮೆಗಾಬೈಟ್ ದಾಟುತ್ತದೆ. ಅಪ್ಪನ ಪ್ರಿಂಟರಿನ ನೆನಪಿನ ಶಕ್ತಿ 2 ಮೆಗಾಬೈಟ್. ಈಗ ವಾಟ್ಸ್‌ಆ್ಯಪಿನಲ್ಲಿ ಬರುವ ಒಂದು ‘ಶುಭೋದಯ’ದ ಚಿತ್ರವೇ ಅಷ್ಟಿರಬಹುದು. ಇಂಚಿಗೆ 300 ಚುಕ್ಕೆಗೆ ಇಳಿಸಿದೆ. ಚುಕ್ಕೆಗಳು 87 ಲಕ್ಷಕ್ಕೆ ಇಳಿದವು, ಒಂದು ಮೆಗಾಬೈಟಿನ ಆಸುಪಾಸು. ಪುಟ ಪೂರ್ತಿ ಬಂತು. ಅಕ್ಷರದ ಅಂಚು ತುಸು ಒರಟು, ಬರಿಗಣ್ಣಿಗೆ ಕಾಣದು. ಕ್ಯೂಆರ್ ಕೋಡ್ ಓದುತ್ತದೋ ಇಲ್ಲವೋ ಎಂಬ ಭಯವಿತ್ತು. ಅಪ್ಪನ ಫೋನಿನಲ್ಲಿ ಸ್ಕ್ಯಾನ್ ಮಾಡಿದೆ, ಓದಿತು. ಆಮೇಲೆ ಕನ್ನಡದ ಒಂದು ಪುಟ, ಗುಬ್ಬಿ ಎಂಬ ಮುಕ್ತ ಫಾಂಟಿನಲ್ಲಿ. ಅದೂ ಬಂತು. ಅಪ್ಪ ಆ ಹಾಳೆಯನ್ನು ಮಡಚಿ ಅಂಗಿ ಜೇಬಿನಲ್ಲಿಟ್ಟುಕೊಂಡರು. ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದ ನುಡಿ ಫೈಲುಗಳನ್ನು ಯೂನಿಕೋಡಿಗೆ ತರುವ ಕೆಲಸ ಬೇರೆಯೇ ಕಥೆ, ಅದು ಇನ್ನೂ ಮುಗಿದಿಲ್ಲ.

ಸುದ್ದಿ ಹರಿಹರಕ್ಕೂ ಮುಟ್ಟಿತು. ಅಲ್ಲಿ ಸೋದರಮಾವನ ಲೇತ್ ವರ್ಕ್‌ಶಾಪ್ ಇದೆ. ‘ನಮ್ಮದೂ ಒಂದು ಮಾಡಿಕೊಡು ಬಾರವ್ವ’ ಎಂದರು. ಅವರ ಲೇಸರ್ ಪ್ರಿಂಟರ್ ಅಪ್ಪನದಕ್ಕಿಂತ ಏಳೆಂಟು ವರ್ಷ ಚಿಕ್ಕದು, ಯುಎಸ್‌ಬಿ ಬೇರೆ ಇತ್ತು. ಹತ್ತು ನಿಮಿಷದ ಕೆಲಸ ಎಂದುಕೊಂಡು ಹೋದವಳು ಸಂಜೆಯ ತನಕ ಕೂತು ಸೋತೆ.

ಕಾರಣ ಇದು. 2000ದ ದಶಕದಲ್ಲಿ ಪ್ರಿಂಟರ್ ಅಗ್ಗ ಮಾಡಲು ಕಂಪನಿಗಳು ಒಂದು ದಾರಿ ಹಿಡಿದವು. ಪಿಸಿಎಲ್‌ನಂಥ ಭಾಷೆ ಅರ್ಥ ಮಾಡಿಕೊಳ್ಳುವ ಬುದ್ಧಿಯನ್ನೇ ಪ್ರಿಂಟರಿನಿಂದ ತೆಗೆದು, ಎಲ್ಲ ಲೆಕ್ಕವನ್ನೂ ಕಂಪ್ಯೂಟರಿಗೆ ಹೊರಿಸಿದವು. ಕೆಲವು ಮಾದರಿಗಳಲ್ಲಂತೂ ಪ್ರಿಂಟರ್ ಆನ್ ಮಾಡಿದಾಗಲೆಲ್ಲ ಅದರ ಸ್ವಂತ ಫರ್ಮ್‌ವೇರ್ ಕೂಡ ಕಂಪ್ಯೂಟರಿನಿಂದಲೇ ಹೋಗಬೇಕು. ಅಂಥ ಯಂತ್ರಕ್ಕೆ ಒಬ್ಬನೇ ದುಭಾಷಿ, ಅದೇ ಕಂಪನಿಯ ಡ್ರೈವರ್. ಮಾವನ ಪ್ರಿಂಟರಿನ ಕೊನೆಯ ಡ್ರೈವರ್ 32 ಬಿಟ್ ಕಾಲದ್ದು, ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಕೆಲವು ಇಂಥ ಮಾದರಿಗಳ ರಹಸ್ಯ ಭಾಷೆಯನ್ನು ಮುಕ್ತ ತಂತ್ರಾಂಶದವರು ಕುಳಿತು ಬಿಡಿಸಿದ್ದಾರೆ. ಮಾವನ ಮಾದರಿ ಆ ಪುಣ್ಯ ಮಾಡಿರಲಿಲ್ಲ. ಪೂರ್ತಿ ಹಳೆಯದು ನಡೆಯುತ್ತದೆ, ಅರೆ ಹಳೆಯದು ನಡೆಯುವುದಿಲ್ಲ ಎಂದರೆ ಯಾರು ನಂಬುತ್ತಾರೆ?

ಮಾವ ನಂಬಿದರು. ವರ್ಕ್‌ಶಾಪಿನ ಮಧ್ಯೆ ಎಣ್ಣೆ ಕುಡಿದು ಕಪ್ಪಾದ ‘ಎಂಟರ್‌ಪ್ರೈಸ್’ ಲೇತ್ ತೋರಿಸಿದರು. ಅದೇ ಊರಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು. ‘ಮಾಡಿದ ಕಂಪನಿ ಇಲ್ಲ. ಇದು ಯಾರನ್ನೂ ಕೇಳಂಗಿಲ್ಲ, ಬೆಲ್ಟ್ ಹಾಕಿದ್ರ ತಿರುಗತೈತಿ’ ಎಂದು ಅದರ ಹೆಡ್‌ಸ್ಟಾಕ್ ಮೇಲೆ ತಟ್ಟಿದರು. ಅವರ ಪ್ರಿಂಟರ್ ಈಗಲೂ ಅಲ್ಲೇ ಇದೆ, ಮೇಲೆ ಹೆಲ್ಮೆಟ್ ಇಡುತ್ತಾರೆ.

ಇಷ್ಟಾದರೂ ನಮ್ಮ ಅಂಗಡಿಯ ಸಮಸ್ಯೆ ಬಗೆಹರಿದಿರಲಿಲ್ಲ. ನನ್ನ ಲ್ಯಾಪ್‌ಟಾಪ್ ಬೆಳಿಗ್ಗೆ ನನ್ನ ಜೊತೆ ಕಾಲೇಜಿಗೆ ಹೋಗುತ್ತದಲ್ಲ! ಅಪ್ಪ ಗಿರಾಕಿಗಳಿಗೆ ‘ಸಂಜೆ ನಾಕೂವರಿಗೆ ಬರ್ರಿ, ಮಗಳು ಬರ್ತಾಳ’ ಎನ್ನತೊಡಗಿದರು. ಸಾಹುಕಾರರು ಎಷ್ಟು ದಿನ ಕಾಯುತ್ತಾರೆ? ಎರಡು ದಿನದಲ್ಲೇ ಒಬ್ಬರು ಬೇರೆ ಕಡೆ ಹೋದರು. ನಾನು ಮೂರು ದಿನ ಕಾಲೇಜಿಗೆ ಚಕ್ಕರ್ ಹೊಡೆದೆ, ಹಾಜರಾತಿ ಕಡಿಮೆಯಾಗಿ ಮೆಸೇಜು ಬಂತು. ಅದನ್ನು ಅಪ್ಪನೇ ಓದಿದ್ದು ದುರ್ದೈವ.

ಆಗ ನೆನಪಾದದ್ದು ರಾಸ್‌ಬೆರಿ ಪೈ. ಅಂಗೈಯಗಲದ ಈ ಕಂಪ್ಯೂಟರ್ ನಮ್ಮ ಮಿನಿ ಪ್ರಾಜೆಕ್ಟ್‌ಗಳಿಗೆ ಬಳಕೆಯಾಗುತ್ತದೆ, ಮುಗಿದ ಮೇಲೆ ಹಾಸ್ಟೆಲಿನ ಡ್ರಾಯರಿನಲ್ಲಿ ಬಿದ್ದಿರುತ್ತದೆ. ಒಬ್ಬ ಸೀನಿಯರ್ ಹತ್ತಿರ 1,500 ರೂಪಾಯಿಗೆ ಚೌಕಾಸಿ ಮಾಡಿದೆ. ಅದರಲ್ಲಿ ಲಿನಕ್ಸ್, ಕಪ್ಸ್, ಅದೇ ಪಿಸಿಎಲ್ ಡ್ರೈವರ್ ಹಾಕಿ, ದಪ್ಪ ಪ್ರಿಂಟರಿನ ಬೆನ್ನಿಗೆ ಡಬಲ್ ಟೇಪಿನಿಂದ ಅಂಟಿಸಿದೆ. ಒಂದು ಕಡೆ ಪರಿವರ್ತಕ ಕೇಬಲ್, ಇನ್ನೊಂದು ಕಡೆ ಅಂಗಡಿಯ ವೈಫೈ. ಕಪ್ಸ್‌ಗೆ ಹಂಚಿಕೊಳ್ಳುವ ಅನುಮತಿ ಕೊಟ್ಟರೆ ಅದು ಹೊರಗಿನವರೊಂದಿಗೆ ಐಪಿಪಿಯಲ್ಲಿ ಮಾತಾಡುತ್ತದೆ, ಒಳಗೆ ಪ್ರಿಂಟರಿನೊಂದಿಗೆ ಪಿಸಿಎಲ್‌ನಲ್ಲಿ. ಅಂದರೆ ಹೊಸ ಕಾಲದ ಯಂತ್ರಗಳಿಗೆಲ್ಲ ಅಪ್ಪನ ಪ್ರಿಂಟರ್ ಈಗ ನಿನ್ನೆ ಕೊಂಡದ್ದರಂತೆ ಕಾಣುತ್ತದೆ. ಮೊದಲ ದಿನ ಗುರುತೇ ಹಿಡಿಯದ ವಿಂಡೋಸ್ 11 ಕೂಡ ಐಪಿಪಿ ವಿಳಾಸ ಕೊಟ್ಟ ತಕ್ಷಣ ಡ್ರೈವರ್ ಕೇಳದೆ ಒಪ್ಪಿಕೊಂಡಿತು!

ಅಪ್ಪನ ಆಂಡ್ರಾಯ್ಡ್ ಫೋನಿನಲ್ಲಿ ಪ್ರಿಂಟ್ ಒತ್ತಿ ನೋಡಿದೆವು. ಪಟ್ಟಿಯಲ್ಲಿ ‘ಮಂಡಿಪೇಟೆ’ ಎಂದು ಕಂಡಿತು, ಆ ಹೆಸರು ನಾನೇ ಇಟ್ಟಿದ್ದು. ಅಪ್ಪ ಅದನ್ನು ಮುಟ್ಟಿದರು, ಬೆನ್ನ ಹಿಂದೆ ಪ್ರಿಂಟರ್ ಗರ್ರ್ ಎಂದಿತು. ಹನ್ನೊಂದನೇ ದಿನ ಅದು.

ಅಡಚಣೆ ಇಲ್ಲವೆಂದಲ್ಲ. ಕರೆಂಟ್ ಹಠಾತ್ತನೆ ಹೋದರೆ ಪೈನ ಮೆಮೊರಿ ಕಾರ್ಡ್ ಕೆಡಬಹುದು, ಒಮ್ಮೆ ಕೆಟ್ಟಿತು. ಈಗ ಅದರದೇ ನಕಲು ಕಾರ್ಡೊಂದು ಗಲ್ಲಾಪೆಟ್ಟಿಗೆಯಲ್ಲಿ ಐದು ರೂಪಾಯಿ ಬಿಲ್ಲೆಗಳ ಜೊತೆ ಇದೆ. ಅದನ್ನು ಬದಲಾಯಿಸುವುದನ್ನು ಅಪ್ಪ ಕಲಿತಿದ್ದಾರೆ. ಉದ್ದದ ಬಣ್ಣದ ಪಿಡಿಎಫ್ ಬಂದರೆ ನಿಧಾನ, ಸಾಹುಕಾರರು ಒಂದು ಟೀ ಕುಡಿಯಬಹುದು. ಟೈಪಿಂಗಿಗೆ ಕಂಪ್ಯೂಟರ್ ಬೇಕೇ ಬೇಕಿತ್ತು, ಅದಕ್ಕೆ 9 ಸಾವಿರಕ್ಕೆ ಹಳೆಯದೊಂದನ್ನು ತಂದೆವು. ಕೇಬಲ್, ಪೈ, ಇದು ಎಲ್ಲ ಸೇರಿ 10,850 ರೂಪಾಯಿ. ಅಪ್ಪ ಲೆಕ್ಕದ ಪುಸ್ತಕದಲ್ಲಿ ನನ್ನ 350 ರೂಪಾಯಿಯನ್ನೂ ನನ್ನ ಹೆಸರಿನಲ್ಲಿ ಜಮಾ ಬರೆದಿದ್ದಾರೆ. ದೀಪಾವಳಿಯ ಲಕ್ಷ್ಮಿಪೂಜೆಗೆ ಹೊಸ ಖಾತೆ ಪುಸ್ತಕದ ಪಕ್ಕ ಪ್ರಿಂಟರನ್ನೂ ಒರೆಸಿ ಇಟ್ಟು ಕುಂಕುಮ ಹಚ್ಚಿದರು. ಬೆನ್ನಿಗೆ ಅಂಟಿಸಿದ ಪೈಗೂ ಒಂದು ಬೊಟ್ಟು ಇಟ್ಟರು. ಕುಂಕುಮ ಒಳಗೆ ಬಿದ್ದರೆ ಶಾರ್ಟ್ ಆಗುತ್ತದೆ ಎನ್ನಲು ಬಾಯಿ ತೆರೆದವಳು ಅಮ್ಮನ ಮುಖ ನೋಡಿ ಸುಮ್ಮನಾದೆ.

ಮೊನ್ನೆ ಸೆಮಿಸ್ಟರ್ ಪರೀಕ್ಷೆಯ ಹಾಲ್ ಟಿಕೆಟ್ ಬಂತು. ಕ್ಲಾಸಿನಲ್ಲಿ ಕೂತೇ ಅಪ್ಪನಿಗೆ ವಾಟ್ಸ್‌ಆ್ಯಪ್ ಮಾಡಿದೆ. ಜೊತೆಗೆ ಆರು ಜನ ಗೆಳತಿಯರದೂ ಕಳಿಸಿದೆ. ಸಂಜೆ ಅಂಗಡಿಗೆ ಹೋಗುವಷ್ಟರಲ್ಲಿ ಏಳೂ ಹಾಳೆಗಳು ಕ್ಲಿಪ್ ಹಾಕಿ ಸಿದ್ಧವಾಗಿದ್ದವು, ಮೇಲೊಂದು ಚೀಟಿ: ‘7 ಪ್ರಿಂಟ್, 35 ರೂಪಾಯಿ. ನಿನ್ನದು ಬಿಟ್ಟು 30.’